ರೈತನಿಗೆ ಹೆಣ್ಣು ಏಕೆ ಸಿಗುತ್ತಿಲ್ಲ? ಮನೆಯ ಸೊಸೆಯನ್ನು ಕೇಳಿ ನೋಡಿ

ದುದ್ದ ಹೋಬಳಿಯ ಯಾವ ಊರಿನ ಅರಳಿಕಟ್ಟೆಯ ಮೇಲೆ ಕುಳಿತರೂ ಮಳೆ, ಕಬ್ಬಿನ ಬಾಕಿ, ರೇಷ್ಮೆಗೂಡಿನ ದರ ಇವುಗಳ ನಡುವೆ ಈಗ ಇನ್ನೊಂದು ಮಾತು ತಪ್ಪದೆ ಬರುತ್ತದೆ. ‘‘ಹುಡುಗನಿಗೆ ಮೂವತ್ತೈದು ತುಂಬಿತು. ಮೂರು ಎಕರೆ ಜಮೀನಿದೆ, ಕೊಳವೆ ಬಾವಿ ಇದೆ, ಕುಡಿತವಿಲ್ಲ, ಇಸ್ಪೀಟಿಲ್ಲ. ಆದರೂ ಹೆಣ್ಣು ಕೊಡುವವರಿಲ್ಲ’’ ಎಂಬುದೇ ಆ ಮಾತು. 2023ರ ಫೆಬ್ರುವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ತರುಣರು ಪಾದಯಾತ್ರೆ ಹೊರಟದ್ದು ಹೊರ ರಾಜ್ಯದ ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಅವರಲ್ಲಿ ಬಹಳ ಮಂದಿ ರೈತರ ಮಕ್ಕಳೇ. ಕೆಲವರು ನಕ್ಕರು. ನಗುವ ವಿಷಯವಲ್ಲ ಇದು. ಮಾದಪ್ಪನಲ್ಲಿ ಬೇಡಿಕೊಳ್ಳುವುದು ಅವರವರ ಭಕ್ತಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಬಲ್ಲವರು ಬೆಟ್ಟಕ್ಕಿಂತ ಹತ್ತಿರದಲ್ಲೇ ಇದ್ದಾರೆ. ಹತ್ತು ಹದಿನೈದು ವರ್ಷದ ಹಿಂದೆಯೇ ರೈತನ ಮನೆಗೆ ಸೊಸೆಯಾಗಿ ಬಂದ ಹೆಣ್ಣುಮಕ್ಕಳು ಅವರು. ಅವರನ್ನು ಯಾರೂ ಕೇಳುತ್ತಿಲ್ಲ.

ಈಗಿನ ಹುಡುಗಿಯರಿಗೆ ಕೆಸರು ಕಂಡರೆ ಆಗದು, ಪೇಟೆಯ ಶೋಕಿ ಬೇಕು ಎಂದು ಕಟ್ಟೆಯಲ್ಲಿ ತೀರ್ಮಾನವಾಗಿದೆ. ಹಳ್ಳಿಗಳಲ್ಲಿ ತಿರುಗುವಾಗ ನಾನು ಕೇಳಿರುವುದು ಬೇರೆ. ಬೇಡವೆನ್ನುವವಳು ಹುಡುಗಿಗಿಂತ ಮೊದಲು ಅವಳ ತಾಯಿ. ‘‘ನಾನು ಪಟ್ಟಿದ್ದೇ ಸಾಕು, ನನ್ನ ಮಗಳಿಗೂ ಅದೇ ಬೇಡ’’ ಎನ್ನುತ್ತಾಳೆ. ಇಪ್ಪತ್ತೈದು ವರ್ಷ ನಾಟಿ ಮಾಡಿ, ಕಳೆ ಕಿತ್ತು, ಹಸು ಕಟ್ಟಿ ಮನೆ ನಡೆಸಿದವಳ ಬಾಯಲ್ಲಿ ಬರುವ ಮಾತು ಇದು. (ಅದೇ ತಾಯಿ ತನ್ನ ಮಗನಿಗೆ ಮಾತ್ರ ಹಳ್ಳಿಯ, ಕೆಲಸ ಬಲ್ಲ, ಎದುರಾಡದ ಸೊಸೆಯನ್ನು ಹುಡುಕುತ್ತಿರುವುದೂ ಉಂಟು!) ಆಕೆ ಪಟ್ಟದ್ದೇನು ಎಂಬುದನ್ನು ಕೃಷಿ ಪುಟದಲ್ಲಿ ಬರೆಯಬೇಕೇ ಎಂದು ಕೆಲವರು ಕೇಳಬಹುದು. ಬೇಸಾಯದ ಅರ್ಧಕ್ಕಿಂತ ಹೆಚ್ಚು ಕೆಲಸ ನಡೆಯುವುದು ಆಕೆಯ ಕೈಯಿಂದ. ಆದ್ದರಿಂದ ಇದು ಬೇಸಾಯದ ವಿಷಯವೇ ಆಗಿದೆ.

ಮೊದಲು ಕೆಲಸದ ಲೆಕ್ಕ ನೋಡೋಣ. ನಮ್ಮ ದೇಶದ ಗ್ರಾಮಗಳಲ್ಲಿ ದುಡಿಯುವ ಹೆಂಗಸರಲ್ಲಿ ನೂರಕ್ಕೆ 76 ಮಂದಿ ಬೇಸಾಯದಲ್ಲೇ ಇದ್ದಾರೆಂದು ಕೇಂದ್ರ ಸರ್ಕಾರದ 2022-23ರ ಶ್ರಮಬಲ ಸಮೀಕ್ಷೆ ಹೇಳುತ್ತದೆ. ಆದರೆ 2015-16ರ ಕೃಷಿ ಗಣತಿಯಂತೆ ಹಿಡುವಳಿಗಳಲ್ಲಿ ಹೆಂಗಸರ ಹೆಸರಿನಲ್ಲಿರುವುದು ನೂರಕ್ಕೆ 14 ಮಾತ್ರ. ರೈತ ಸಂಪರ್ಕ ಕೇಂದ್ರದಲ್ಲಿ ಬೀಜಕ್ಕಾಗಲಿ ಸಹಾಯಧನಕ್ಕಾಗಲಿ ಫ್ರೂಟ್ಸ್ ಸಂಖ್ಯೆ ಬೇಕು. ಆ ಸಂಖ್ಯೆಗೆ ಪಹಣಿ ಬೇಕು. ಪಹಣಿ ಮಾವನವರ ಹೆಸರಿನಲ್ಲಿರುತ್ತದೆ, ಎಷ್ಟೋ ಮನೆಗಳಲ್ಲಿ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಉಳಿದಿರುತ್ತದೆ. ಗದ್ದೆಯಲ್ಲಿ ಇಡೀ ದಿನ ಬಗ್ಗಿ ನಿಂತವಳು ಕಾಗದದಲ್ಲಿ ಎಲ್ಲಿಯೂ ಇಲ್ಲ.

ಇನ್ನು ಮನೆಗೆಲಸ. 2024ರ ಕೇಂದ್ರ ಸಮೀಕ್ಷೆಯಲ್ಲಿ ಕೂಲಿಯಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಅದೇ ಕೆಲಸಕ್ಕೆ ಕೈಹಾಕುವ ಗಂಡಸರು 88 ನಿಮಿಷ ಕೊಡುತ್ತಾರೆ ಎಂದು ಕಂಡುಬಂದಿದೆ. 88 ನಿಮಿಷ ಯಾವ ಊರಿನ ಗಂಡಸರದೋ ತಿಳಿಯದು, ನಮ್ಮ ಕಡೆ ಅಷ್ಟೂ ಇರಲಾರದು. ರೇಷ್ಮೆ ಸಾಕುವ ಮನೆಯಲ್ಲಂತೂ ಕೇಳುವುದೇ ಬೇಡ. ಹುಳು ಕೊನೆಯ ಜ್ವರದಿಂದ ಎದ್ದ ಮೇಲೆ ಹಗಲು ರಾತ್ರಿ ಎನ್ನದೆ ಸೊಪ್ಪು ಹಾಕಬೇಕು. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವ ದಿನ ಎದೆಹಾಲು ಕುಡಿಯುವ ಕೂಸು ಅತ್ತರೂ ತಾಯಿಗೆ ಬಿಡುವಿಲ್ಲ. ಗೂಡು ಮಾರಿದ ಹಣ ಮನೆಗೆ ಬರುವಾಗ ಯಾರ ಜೇಬಿನಲ್ಲಿ ಬರುತ್ತದೆ ಎಂಬುದನ್ನು ಓದುಗರೇ ಬಲ್ಲರು.

ಹಿಂದಿನ ಹೆಂಗಸರು ಇದಕ್ಕಿಂತ ಹೆಚ್ಚು ದುಡಿಯಲಿಲ್ಲವೇ, ಅವರಿಗಿಲ್ಲದ ಮನಸ್ಸಿನ ಕಾಯಿಲೆ ಇವರಿಗೇಕೆ ಎಂಬ ಆಕ್ಷೇಪಣೆ ಬರುವುದು ಸಹಜ. ಅವರಿಗೆ ಇರಲಿಲ್ಲವೆಂದು ಹೇಳಿದವರು ಯಾರು? ಊರ ಬಾವಿಗಳ ಬಗ್ಗೆ ಹಳಬರು ತಗ್ಗಿದ ದನಿಯಲ್ಲಿ ಹೇಳುವ ಕಥೆಗಳನ್ನು ಒಮ್ಮೆ ನೆನೆದರೆ ಸಾಕು. ಆದರೂ ಒಂದು ಮಾತು ನಿಜ. ಹಿಂದೆ ರಾಗಿ ಬೀಸುವ ಕಲ್ಲಿನ ಮುಂದೆ ಇಬ್ಬರು ಹೆಂಗಸರು ಎದುರುಬದುರು ಕುಳಿತು, ತವರನ್ನು ನೆನೆದು, ಅತ್ತೆಯನ್ನು ಆಡಿಕೊಂಡು ಪದ ಹೇಳುತ್ತಿದ್ದರು. ರಾಗಿಯ ಜೊತೆಗೆ ದುಃಖವೂ ಒಂದಿಷ್ಟು ಹಿಟ್ಟಾಗುತ್ತಿತ್ತು. ಗಿರಣಿ ಬಂದು ತೋಳಿನ ನೋವು ಹೋಯಿತು, ಒಳ್ಳೆಯದೇ ಆಯಿತು. ಬೀಸುವ ಕಲ್ಲು ಮತ್ತೆ ಬರಲಿ ಎಂದು ನಾನು ಹೇಳುವುದಿಲ್ಲ. ಆದರೆ ಅತ್ತು ಹಗುರಾಗುವ ಜಾಗವೂ ಅದರೊಂದಿಗೆ ಹೋಯಿತು. ಕೂಡುಕುಟುಂಬ ಒಡೆದು ಗಂಡ ಹೆಂಡತಿ ತೋಟದ ಮನೆಗೆ ಹೋದಲ್ಲಿ ಮಾತನಾಡಲು ಮುಯ್ಯಾಳಿನ ಗುಂಪೂ ಇಲ್ಲ. ಕೈಯಲ್ಲಿ ಮೊಬೈಲ್ ಇದೆ, ನಿಜ. ಅದರಲ್ಲಿ ಹತ್ತು ನಿಮಿಷ ಹೆಚ್ಚು ಮಾತನಾಡಿದರೆ ‘‘ಯಾರ ಹತ್ತಿರ’’ ಎಂಬ ಪ್ರಶ್ನೆ ಬೇರೆ.

ಇಲ್ಲಿ ಒಂದು ಕಹಿ ಅಂಕಿಯನ್ನು ಹೇಳದೆ ವಿಧಿಯಿಲ್ಲ. 2019-20ರಲ್ಲಿ ಕರ್ನಾಟಕದಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಒಮ್ಮೆಯಾದರೂ ಹಿಂಸೆಗೆ ಒಳಗಾದವರೆಂದು ದಾಖಲಾಯಿತು. ದೇಶದ ರಾಜ್ಯಗಳಲ್ಲೆಲ್ಲಾ ಇದೇ ಹೆಚ್ಚು. ಹಿಂದಿನ ಸಮೀಕ್ಷೆಯಲ್ಲಿ ಇದು ನೂರಕ್ಕೆ 21ರಷ್ಟಿತ್ತು. ಹಿಂಸೆ ಹೆಚ್ಚಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ ಎಂದು ವಾದಿಸಬಹುದು. ನೂರು ಮನೆಯ ಊರಿನಲ್ಲಿ ನಲವತ್ತು ಮನೆಗೆ ಬೆಂಕಿ ರೋಗ ಬಿದ್ದಿದ್ದರೆ ನಾವು ಹಾಗೆ ವಾದಿಸುತ್ತಾ ಕೂರುತ್ತಿರಲಿಲ್ಲ.

ಸೊಸೆಯ ದುಃಖ ದುಃಖದ ರೂಪದಲ್ಲಿ ಹೊರಗೆ ಬರುವುದು ಅಪರೂಪ. ಅದು ಮೈ ನೋವಾಗಿ ಬರುತ್ತದೆ. ಒಮ್ಮೆ ಭತ್ತದ ರೋಗಗಳ ಬಗ್ಗೆ ಹೇಳಿ ಮುಗಿಸಿದಾಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹೆಣ್ಣುಮಗಳು, ‘‘ಬತ್ತುಕ್ಕೆಲ್ಲಾ ಔಸ್ದಿ ಯೋಳ್ತೀರಲ್ಲ ಸಾ, ನಮ್ ಸುಸ್ತಿಗೆ ಏನ್ ಹೊಡೀಬೇಕು ಅಂತ ಒಸಿ ಯೋಳಿ’’ ಎಂದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಅವಳು ಕೇಳಿದ್ದು ತಮಾಷೆಗಲ್ಲ. ಸೊಂಟ ನೋವು, ತಲೆಭಾರ, ಎದೆ ಡವಗುಟ್ಟುವುದು, ಅಂಗಾಲು ಉರಿ, ಬಿಳಿಸೆರಗು, ಊಟ ಸೇರದಿರುವುದು, ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು, ಇವನ್ನು ಹೊತ್ತುಕೊಂಡು ಹೆಂಗಸರು ಡಾಕ್ಟರಿಂದ ಡಾಕ್ಟರಿಗೆ ಅಲೆಯುತ್ತಾರೆ. ಒಂದು ಸೂಜಿ, ಒಂದು ಬಾಟಲಿ ಗ್ಲೂಕೋಸು, ಎರಡು ದಿನ ಹುಮ್ಮಸ್ಸು, ಮತ್ತೆ ಅದೇ. ರಕ್ತಹೀನತೆಯೂ ಇರಬಹುದು, ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅದು ಕಂಡಿದೆ. ಆದ್ದರಿಂದ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ. ಅವೆಲ್ಲ ಸರಿಯಿದ್ದು, ಎರಡು ವಾರಕ್ಕೂ ಮೀರಿ ಮಂಕು ಕವಿದಂತಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದೆ ‘‘ನಾನಿದ್ದು ಏನು ಪ್ರಯೋಜನ’’ ಎಂಬ ಮಾತು ಬಂದರೆ, ಅದು ಖಿನ್ನತೆ ಎಂಬ ಕಾಯಿಲೆ ಇರಬಹುದು. ಸೋಮಾರಿತನವೆನ್ನಬೇಡಿ, ನಾಟಕವೆನ್ನಬೇಡಿ. ದೇವರಿಗೆ ಹರಕೆ ಹೊರುವುದಿದ್ದರೆ ಹೊರಲಿ, ಜೊತೆಗೆ ವೈದ್ಯರಿಗೂ ತೋರಿಸಿ.

ಹೆರಿಗೆಯ ನಂತರದ ದಿನಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಮೊದಲ ಬಾಣಂತನ ತವರಿನಲ್ಲಿ ಆಗುತ್ತದೆ. ಎರಡನೆಯದು ಅನೇಕ ಕಡೆ ಗಂಡನ ಮನೆಯಲ್ಲೇ, ಅದೂ ಒಂದು ತಿಂಗಳು ತುಂಬುವುದರೊಳಗೆ ಹಸುವಿನ ಕೆಳಗೆ ಕೂರುವ ಬಾಣಂತನ. ಹೆತ್ತ ಮೂರು ನಾಲ್ಕನೆಯ ದಿನ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ, ಒಂದು ವಾರದಲ್ಲಿ ತಿಳಿಯಾಗುತ್ತದೆ. ಎರಡು ವಾರ ದಾಟಿದರೆ ವೈದ್ಯರಿಗೆ ತೋರಿಸಬೇಕು. ಬಾಣಂತಿ ರಾತ್ರಿಯಿಡೀ ನಿದ್ದೆ ಮಾಡದೆ, ಸಂಬಂಧವಿಲ್ಲದ ಮಾತನಾಡುತ್ತಾ, ಯಾರೋ ಕೂಗಿದಂತೆ ಕೇಳುತ್ತದೆ ಎಂದರೆ ಅಥವಾ ಕೂಸಿನ ಬಗ್ಗೆ ವಿಪರೀತ ಭಯ, ಅನುಮಾನ ತೋರಿದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಆಕೆಯನ್ನೂ ಕೂಸನ್ನೂ ಒಂಟಿಯಾಗಿ ಬಿಡಬಾರದು. ಇದು ಗಾಳಿಯೂ ಅಲ್ಲ, ಸೋಂಕೂ ಅಲ್ಲ. ಸಕಾಲದಲ್ಲಿ ಚಿಕಿತ್ಸೆ ಸಿಕ್ಕಿದರೆ ಪೂರ್ತಿ ಗುಣವಾಗುವ ಕಾಯಿಲೆ.

‘ಶರಪಂಜರ’ ಚಿತ್ರವನ್ನು ನೋಡದ ಹಿರಿಯರು ನಮ್ಮ ಊರುಗಳಲ್ಲಿ ಕಡಿಮೆ. ಮನಃಶಾಸ್ತ್ರ ಓದಿದ್ದ ಲೇಖಕಿ ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ ತೆರೆಗೆ ತಂದರು. ಕಲ್ಪನಾ ಅವರ ಅಭಿನಯ ಕಂಡು ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಂದರು. ಆದರೆ ಅದರ ಮುಖ್ಯ ಮಾತು ಅನೇಕರ ಗಮನಕ್ಕೆ ಬಂದಂತಿಲ್ಲ. ಹೆರಿಗೆಯ ನಂತರ ಬುದ್ಧಿ ಕದಡಿದ ಆ ಹೆಣ್ಣು ಆಸ್ಪತ್ರೆಯಲ್ಲಿ ಗುಣವಾಗಿಯೇ ಮನೆಗೆ ಬರುತ್ತಾಳೆ. ಗುಣವಾದವಳನ್ನು ಗುಣವಾದಳೆಂದು ಒಪ್ಪದೆ, ನಕ್ಕರೂ ಅತ್ತರೂ ಹುಚ್ಚೆಂದು ನೋಡಿದ್ದು ಗಂಡ ಮತ್ತು ನೆರೆಹೊರೆ. ಆಕೆಯನ್ನು ಮತ್ತೆ ಕೆಡವಿದ್ದು ಅದು. ಐವತ್ತು ವರ್ಷ ಕಳೆದರೂ ನಮ್ಮಲ್ಲಿ ಮನೋವೈದ್ಯರ ಚೀಟಿಯನ್ನು ಸೀರೆಯ ಮಡಿಕೆಯೊಳಗೆ ಬಚ್ಚಿಡುವ ಸ್ಥಿತಿಯೇ ಇದೆ.

ನೆರೆಯ ಗೋವಾದಲ್ಲಿ ಹೆರಿಗೆಯಾದ ತಾಯಂದಿರ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಆರರಿಂದ ಎಂಟು ವಾರದ ಬಾಣಂತಿಯರಲ್ಲಿ ನೂರಕ್ಕೆ 23 ಮಂದಿಗೆ ಖಿನ್ನತೆ ಇತ್ತು. ಬಡತನ, ಗಂಡನೊಡನೆ ಸರಿಯಿಲ್ಲದ ಬಾಳು, ಇವುಗಳ ಜೊತೆ ಇನ್ನೊಂದು ಕಾರಣವೂ ಕಂಡಿತು: ಹುಟ್ಟಿದ್ದು ಹೆಣ್ಣು ಎಂಬುದು. ನಮ್ಮ ಜಿಲ್ಲೆಯವರು ಇದನ್ನು ಓದಿ ಸುಮ್ಮನಿರುವಂತಿಲ್ಲ. 2023ರಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಭ್ರೂಣಲಿಂಗ ಪತ್ತೆಯ ಜಾಲವೊಂದನ್ನು ಹಿಡಿದಾಗ, ಸ್ಕ್ಯಾನಿಂಗ್ ಯಂತ್ರ ಇಟ್ಟಿದ್ದ ಜಾಗ ಮಂಡ್ಯ ತಾಲ್ಲೂಕಿನ ಒಂದು ಆಲೆಮನೆ ಎಂದು ಹೊರಬಿತ್ತು. ಬೆಲ್ಲ ಕಾಯಿಸುವ ಜಾಗ! ಮಧ್ಯವರ್ತಿಗಳ ಬಗ್ಗೆ, ವೈದ್ಯರೆನಿಸಿಕೊಂಡವರ ಬಗ್ಗೆ ಪತ್ರಿಕೆಗಳು ಬಹಳ ಬರೆದವು. ಅಲ್ಲಿಗೆ ಕರೆತರಲ್ಪಟ್ಟ ಗರ್ಭಿಣಿಯ ಮನಸ್ಸಿನಲ್ಲಿ ಏನಿತ್ತು, ‘ಹೆಣ್ಣು’ ಎಂದು ತಿಳಿದ ಮೇಲೆ ಮನೆಯಲ್ಲಿ ಆಕೆಯನ್ನು ಯಾರಾದರೂ ಏನಾದರೂ ಕೇಳಿದರೇ ಎಂಬುದು ಎಲ್ಲಿಯೂ ಬರಲಿಲ್ಲ. ಹೆಣ್ಣು ಭ್ರೂಣವನ್ನು ತೆಗೆಸುವ ಜಿಲ್ಲೆಯಲ್ಲೇ ಹೆಣ್ಣು ಸಿಗದೆಂದು ಪಾದಯಾತ್ರೆಯೂ ಹೊರಟಿತು.

ಒಂದು ವಿಷಯವನ್ನು ರೈತನಿಗೆ ನಾನು ಹೇಳಿಕೊಡಬೇಕಾಗಿಲ್ಲ. ಕರು ಹೆಣ್ಣೋ ಗಂಡೋ ಎಂಬುದನ್ನು ನಿರ್ಧರಿಸುವುದು ಹೋರಿಯ ವೀರ್ಯ. ಹಸುವಿಗೆ ಹೆಣ್ಣುಗರುವೇ ಆಗಲೆಂದು ಲಿಂಗ ವಿಂಗಡಿಸಿದ ವೀರ್ಯದ ಕಡ್ಡಿಯನ್ನು ಕೇಳಿ ಹಾಕಿಸುವ ಕಾಲ ಇದು. ಕೊಟ್ಟಿಗೆಯಲ್ಲಿ ಇಷ್ಟು ಚೆನ್ನಾಗಿ ತಿಳಿದಿರುವ ಶಾಸ್ತ್ರ ನಡುಮನೆಗೆ ಬರುವ ಹೊತ್ತಿಗೆ ಮರೆತುಹೋಗಿ, ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವುದು ನಡೆದೇ ಇದೆ.

ಈಗ ಎಲ್ಲಕ್ಕಿಂತ ಭಾರವಾದ ಲೆಕ್ಕ. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ರಾಜ್ಯವನ್ನೇ ಕಲಕಿದವು. ಮಂತ್ರಿಗಳು ಬಂದರು, ಪರಿಹಾರದ ಹಣ ಹೆಚ್ಚಿತು. ಆಗಬೇಕಾದದ್ದೇ. 2022ರ ರಾಷ್ಟ್ರೀಯ ಅಪರಾಧ ದಾಖಲೆಗಳ ವರದಿಯಲ್ಲಿ ದೇಶದಾದ್ಯಂತ ಬೇಸಾಯಗಾರರು ಮತ್ತು ಕೃಷಿ ಕೂಲಿಗಳು ಸೇರಿ ಹೀಗೆ ಸತ್ತವರು 11,290. ಅದೇ ವರದಿಯಲ್ಲಿ ‘ಗೃಹಿಣಿ’ ಎಂಬ ಸಾಲಿನಲ್ಲಿ ಸತ್ತವರು 25,309. ಎರಡು ಪಟ್ಟಿಗೂ ಹೆಚ್ಚು. ಬೇಸಾಯಗಾರರೆಂದು ಬರೆದ 5,207 ಮಂದಿಯಲ್ಲಿ ಹೆಂಗಸರು ಕೇವಲ 208. ಗ್ರಾಮಗಳಲ್ಲಿ ದುಡಿಯುವ ಹೆಂಗಸರಲ್ಲಿ ನೂರಕ್ಕೆ 76 ಮಂದಿ ಬೇಸಾಯದಲ್ಲಿರುವ ದೇಶದಲ್ಲಿ ಈ 208 ಹೇಗೆ ಬಂತು? ಪಹಣಿ ಇಲ್ಲದವಳನ್ನು ಠಾಣೆಯ ಪುಸ್ತಕದಲ್ಲಿ ಗೃಹಿಣಿ ಎಂದು ಬರೆದುಬಿಡುವುದೇ ಕಾರಣವಿರಬೇಕೆಂದು ನನ್ನ ಎಣಿಕೆ. ಆ ಇಪ್ಪತ್ತೈದು ಸಾವಿರದಲ್ಲಿ ನಾಟಿ ಹಾಕಿದ ಕೈಗಳು ಎಷ್ಟಿದ್ದವೋ. ಅವರ ಮನೆಗೆ ಯಾವ ಮಂತ್ರಿಯೂ ಹೋಗುವುದಿಲ್ಲ. ‘‘ಹೊಟ್ಟೆನೋವು ತಾಳಲಾರದೆ’’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ಮನೆಯವರು ಮಾಡಬಹುದಾದದ್ದು ಏನು? ದೊಡ್ಡ ಖರ್ಚಿನದೇನೂ ಇಲ್ಲ. ಹೆಣ್ಣು ಕೊಟ್ಟವರು ‘‘ಹೊಂದಿಕೊಂಡು ಹೋಗು’’ ಎಂಬ ಒಂದೇ ಮಾತನ್ನು ಹೇಳುವುದನ್ನು ಬಿಡಬೇಕು. ಮಗಳು ಫೋನಿನಲ್ಲಿ ಅತ್ತರೆ ಒಂದು ದಿನ ಹೋಗಿ ನೋಡಿಕೊಂಡು ಬನ್ನಿ. ನಾಲ್ಕು ದಿನ ಇರುತ್ತೇನೆಂದು ಬಂದವಳಿಗೆ ಜನ ಏನೆಂದಾರು ಎಂದು ಬಾಗಿಲಲ್ಲೇ ಕೇಳಬೇಡಿ. 1994ರಿಂದಲೇ ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲಿನ ಹಕ್ಕು ಬಂದಿದೆ, ತವರು ಆಕೆಯದೂ ಹೌದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ತವರಿಗೆ ಹೋಗಲು ಗಂಡನ ಮುಂದೆ ಕೈಚಾಚಬೇಕಾಗಿಲ್ಲ. ಈ ಯೋಜನೆಯನ್ನು ಕಟ್ಟೆಯಲ್ಲಿ ಎಷ್ಟೋ ಜನ ಹಾಸ್ಯ ಮಾಡಿದ್ದನ್ನು ಕೇಳಿದ್ದೇನೆ. ಸೊಸೆಯೊಬ್ಬಳು ಅನುಮತಿಯ ಜೊತೆಗೆ ಚಾರ್ಜನ್ನೂ ಬೇಡುವ ಸಂಕಟ ಅವರಿಗೆ ತಿಳಿದಿಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ಮಾತ್ರ ಪಡಿತರ ಚೀಟಿಯ ಯಜಮಾನಿಗೆ ಬರುತ್ತದೆ, ಹೆಚ್ಚಿನ ಮನೆಗಳಲ್ಲಿ ಆಕೆ ಅತ್ತೆ. ಅತ್ತೆಯಂದಿರು ಒಂದು ಕಾಲಕ್ಕೆ ಸೊಸೆಯರಾಗಿದ್ದವರೇ. ಅವರ ಕೈಗೂ ಬದುಕಿನಲ್ಲಿ ಮೊದಲ ಸಲ ಸ್ವಂತ ಹಣ ಬಂದಿದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹಾಲಿನ ಡೇರಿಯ ಬಟವಾಡೆಯಾದರೂ ಹಾಲು ಕರೆದವಳ ಖಾತೆಗೆ ಹೋಗುವಂತೆ ಮಾಡಬಹುದು. ಕೈಯಲ್ಲಿ ಸ್ವಂತದ್ದು ನೂರು ರೂಪಾಯಿ ಇರುವುದು ಮನಸ್ಸಿಗೂ ಒಂದು ಬಲವೇ.

ಗಂಡನಿಗೆ ಹೇಳುವುದು ಒಂದೇ. ರಾತ್ರಿ ಊಟವಾದ ಮೇಲೆ ಟಿ.ವಿ. ಆರಿಸಿ ಹತ್ತು ನಿಮಿಷ ಆಕೆಯ ಮಾತು ಕೇಳಿ. ಪರಿಹಾರ ಹೇಳಲು ಹೋಗಬೇಡಿ.

ಚಿಕಿತ್ಸೆ ದೂರದಲ್ಲಿಲ್ಲ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಮನಸ್ಸಿನ ಕಾಯಿಲೆಗೆ ಔಷಧಿ ಕೊಡಬಲ್ಲರೆಂಬುದನ್ನು ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ರಾಜ್ಯದ ಬಳ್ಳಾರಿ ಜಿಲ್ಲೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಅಲ್ಲಿ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಮ್ಮವರಿಗೆ ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆಯಂತೆ ಅರ್ಧ ಗಂಟೆಯಲ್ಲಿ ಕೆಲಸ ಮಾಡದು, ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಸ್ವಲ್ಪ ಗುಣ ಕಂಡೊಡನೆ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಯಾರಾದರೂ ಪ್ರಾಣ ಕಳೆದುಕೊಳ್ಳಲು ಯತ್ನಿಸಿದ್ದರೆ ಪೊಲೀಸ್ ಭಯದಿಂದ ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಪರಿಗಣಿಸುತ್ತದೆ, ಶಿಕ್ಷೆಗೆ ಗುರಿಮಾಡುವುದಿಲ್ಲ.

ನನ್ನ ಇಲಾಖೆಗೆ ನೇರವಾಗಿ ಸೇರಿದ ಒಂದು ಮಾತಿದೆ. ಕೀಟನಾಶಕ, ಕಳೆನಾಶಕಗಳ ಅರ್ಧ ಉಳಿದ ಡಬ್ಬಗಳು ನಮ್ಮ ಮನೆಗಳಲ್ಲಿ ಅಟ್ಟದ ಮೇಲೆ, ಬಚ್ಚಲ ಗೂಡಿನಲ್ಲಿ, ಕೆಲವೊಮ್ಮೆ ಅಡುಗೆಮನೆಯ ಹಿಂದೆಯೇ ಇರುತ್ತವೆ. ಜಗಳವಾಡಿದ ಕೋಪದ, ಕೊರಗಿನ ಆ ಒಂದು ಗಳಿಗೆ ದಾಟಿದರೆ ಬದುಕುವ ಜೀವಗಳು ಬಹಳ. ಆ ಗಳಿಗೆಯಲ್ಲಿ ಕೈಗೆ ಏನು ಸಿಗುತ್ತದೆ ಎಂಬುದೇ ಮುಖ್ಯವಾಗುತ್ತದೆ. ಶ್ರೀಲಂಕಾದಲ್ಲಿ 1990ರ ದಶಕದಲ್ಲಿ ಅತಿ ವಿಷಕಾರಿ ಔಷಧಿಗಳನ್ನು ನಿಷೇಧಿಸಿದ ನಂತರ ಹತ್ತು ವರ್ಷಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕೆ ಇಳಿಯಿತು; ಅಲ್ಲಿನ ಬೇಸಾಯವೇನೂ ನಿಲ್ಲಲಿಲ್ಲ. ತಮಿಳುನಾಡಿನ ಕಡಲೂರು ಜಿಲ್ಲೆಯ ಹಳ್ಳಿಗಳಲ್ಲಿ ಔಷಧಿಯನ್ನು ಮನೆಯಲ್ಲಿಡದೆ ಊರಿಗೊಂದು ಕಡೆ ಬೀಗದ ಪೆಟ್ಟಿಗೆಗಳಲ್ಲಿ ಇಡಿಸಿದ ಪ್ರಯೋಗವೂ ನಡೆದಿದೆ. ಆ ಬೆಳೆಗೆ ಬೇಕಾದಷ್ಟನ್ನೇ ಕೊಳ್ಳಿ. ಉಳಿದದ್ದನ್ನು ಮನೆಯಿಂದ ದೂರ, ಪಂಪ್‌ಹೌಸಿನಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ. ನೀರಿನ ಬಾಟಲಿಗೆ, ಬ್ರಾಂದಿ ಶೀಸೆಗೆ ಸುರಿದಿಡುವ ಅಭ್ಯಾಸವನ್ನು ಇಂದೇ ಬಿಡಿ. ಮನೆಯಲ್ಲಿ ಯಾರಾದರೂ ಮಂಕಾಗಿದ್ದರೆ ಔಷಧಿ ಹೊಡೆಯುವ ಕೆಲಸವನ್ನು ಬೇರೆಯವರಿಗೆ ವಹಿಸಿ, ಬೀಗದ ಕೈಯನ್ನೂ ಅವರ ಹತ್ತಿರವೇ ಇಡಿ. ಗಂಡಸರಿಗೂ ಈ ಮಾತು ಅನ್ವಯಿಸುತ್ತದೆ.

ಕೊನೆಯದಾಗಿ ಒಂದು ಸಂಖ್ಯೆ: 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಇದು. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಹೊಡೆತ ಬಡಿತವಿದ್ದರೆ ಹೆಂಗಸರಿಗೆ 181 ಇದೆ. ಓದುಗರು ಈ ಎರಡು ಸಂಖ್ಯೆಗಳನ್ನು ವಾಚನಾಲಯದ ಗೋಡೆಗೆ ಬರೆಸಿದರೆ ಸಾಲದು, ನಮ್ಮ ವಾಚನಾಲಯಗಳಿಗೆ ಹೆಂಗಸರು ಬರುವುದಿಲ್ಲ. ಹಾಲಿನ ಡೇರಿಯ ಗೋಡೆಯ ಮೇಲೆ, ನ್ಯಾಯಬೆಲೆ ಅಂಗಡಿಯ ಬಾಗಿಲ ಪಕ್ಕದಲ್ಲಿ, ಅಂಗನವಾಡಿಯಲ್ಲಿ, ಕ್ಯಾನು ಹಿಡಿದು ಸಾಲಿನಲ್ಲಿ ನಿಂತವಳ ಕಣ್ಣಿಗೆ ಬೀಳುವ ಎತ್ತರದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ.